ದೊರೆಗಳ ಶಾಲೆಗೆ ಸೂರು ಬಂದದ್ದು

ಪಾದ್ರಿ ಬಂಗಲೆಯಲ್ಲಿ ಕೆಲಸಕ್ಕಿದ್ದವನಿಗೆ ಬೇರೆ ಏನಕ್ಕೆ ಬರ ಬಂದರೂ ನಗುವಿಗೆ ಬರ ಬರುವುದಿಲ್ಲ. ಒಂದು ಪೇಚಾಟವನ್ನು ಮನೆಯವರ ಮುಂದೆ ಹೇಳಿ ಮುಗಿಸುವುದರೊಳಗೆ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ನಾನು ಆ ಬಂಗಲೆಯ ಮುನ್ಶಿ. ಮುನ್ಶಿ ಎಂದರೆ ಪರದೇಶದಿಂದ ಬಂದ ದೊರೆಗಳಿಗೆ ಕನ್ನಡ ಕಲಿಸುವವನು. ಅವರು ಕಲಿಯುವ ತನಕ ಅವರ ಪರವಾಗಿ ಮಾತಾಡಬೇಕು, ಕಲಿತ ಮೇಲೆ ಅವರು ಆಡಿದ ಮಾತಿಗೆ ಊರಿನವರ ಕ್ಷಮೆ ಕೇಳಬೇಕು. ಈಗ ರಾಮನಗರ ಎನ್ನುವ ಊರು ಆಗ ಕ್ಲೋಸ್‌ಪೇಟೆ. ಈಗಿನ ಕನಕಪುರ ಆಗ ಕಾನಕಾನಹಳ್ಳಿ. ಮೈಸೂರು ಮಹಾರಾಜರ ಕಾಲ. ನಮ್ಮದು ಲಿಂಗ ಕಟ್ಟಿದ ಮನೆ. ಹಣೆ ತುಂಬ ವಿಭೂತಿ ಬಳಿದುಕೊಂಡು ಪಾದ್ರಿ ಬಂಗಲೆಗೆ ಹೊರಟ ಮಗನಿಗೆ ನಮ್ಮವ್ವ ದಿನಾ ಒಂದೇ ಬುದ್ಧಿ ಹೇಳುತ್ತಿದ್ದಳು: "ಅವರ ಮನೇಲಿ ನೀರು ಮುಟ್ಬ್ಯಾಡ ಕಣಪ್ಪ, ಸಂಬಳ ಮಾತ್ರ ಮುಟ್ಟು."

ನಮ್ಮ ಪಾದ್ರಿ ದೊರೆಗಳು ಉದ್ದನೆಯ, ತೆಳ್ಳನೆಯ, ಕೆಂಪು ಗಡ್ಡದ ಮನುಷ್ಯ. ಅವರ ಹೆಂಡತಿ ದೊರೆಸಾನಿ ಗಿಡ್ಡ, ಚುರುಕು. ಇಬ್ಬರದೂ ಒಂದೇ ಆಸೆ: ಪೇಟೆಯ ಬಡಮಕ್ಕಳಿಗೆ ಒಂದು ಶಾಲೆ ಕಟ್ಟಬೇಕು. ಅವರ ದೇಶದ ಕ್ರೈಸ್ತ ಸಭೆಯವರು ಚಂದಾ ಎತ್ತಿ ಕಳಿಸಿದ ಹಣದಲ್ಲಿ ಗೋಡೆಗಳೇನೋ ಎದ್ದವು. ಸೂರಿನ ಹೊತ್ತಿಗೆ ಅಲ್ಲಿ ಕೈ ಬಿಗಿಯಾಯಿತು. ಮಕ್ಕಳು ನಾಲ್ಕು ಗೋಡೆಯ ನಡುವೆ ಕೂತು ಆಕಾಶ ನೋಡುತ್ತ ಮಗ್ಗಿ ಹೇಳುತ್ತಿದ್ದರು. ಮೋಡ ಕವಿದರೆ ರಜ. ಮಣ್ಣಿನ ಗೋಡೆ, ಮಳೆಗಾಲ ಬಂತೆಂದರೆ ಗೋಡೆಯ ತಲೆಗೆ ಹುಲ್ಲು ಹೊದಿಸಿ, ಹಗ್ಗ ಬಿಗಿದು, ದೊರೆಗಳು ಕೊಡೆ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದರು, ಜ್ವರ ಬಂದ ಮಗುವಿನ ಹತ್ತಿರ ನಿಂತ ಹಾಗೆ.

೧. ಸಂತೆಯಲ್ಲಿ ಚಂದಾ

ದೊರೆಗಳು ಕನ್ನಡ ಕಲಿಯಲು ಹಿಡಿದ ಹಟ ಸಣ್ಣದಲ್ಲ. ಬೆಳಗಾಗೆದ್ದು ಕನ್ನಡಿ ಮುಂದೆ ನಿಂತು ಬಾಯಿ ತಿರುಚಿ ಅಭ್ಯಾಸ ಮಾಡುತ್ತಿದ್ದರು. ವ್ಯಾಕರಣವೆಲ್ಲ ಬಾಯಿಪಾಠ, ವಿಭಕ್ತಿಯಲ್ಲಿ ನನ್ನನ್ನೇ ತಿದ್ದುತ್ತಿದ್ದರು. ಆದರೆ 'ಅ'ಕಾರ ಮಾತ್ರ ಅವರ ಗಡ್ಡ ದಾಟಿ ಹೊರಗೆ ಬರುವಷ್ಟರಲ್ಲಿ 'ಎ' ಆಗಿಬಿಡುತ್ತಿತ್ತು. ಮರ ಎನ್ನಲು ಹೋದರೆ ಮೆರ. ಕಲ್ಲು ಎನ್ನಲು ಹೋದರೆ ಕೆಲ್ಲು. ಇಷ್ಟಕ್ಕೆ ಯಾರ ಪ್ರಾಣವೂ ಹೋಗುವುದಿಲ್ಲ ಎಂದು ನಾನು ಸುಮ್ಮನಿದ್ದೆ.

ಒಂದು ಸಂತೆಯ ದಿನ ದೊರೆಗಳು, "ಮುನ್ಶಿಗಳೇ, ಇಂದು ನಾನೇ ಮಾತನಾಡುತ್ತೇನೆ. ನೀವು ಸುಮ್ಮನೆ ಪಕ್ಕದಲ್ಲಿ ನಿಲ್ಲಿ" ಎಂದರು. ಸಂತೆಮಾಳದ ನಡುವೆ ನಿಂತಿದ್ದ ಖಾಲಿ ಗಾಡಿಯೊಂದನ್ನು ಹತ್ತಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕೆಂಪು ಗಡ್ಡದ ದೊರೆ ಗಾಡಿ ಹತ್ತಿದ್ದು ಕಂಡು ಜನ ಮುತ್ತಿಕೊಂಡರು.

"ಮಹಾಜನರೇ! ನಿಮ್ಮ ಮಕ್ಕಳಿಗಾಗಿ ಶಾಲೆಯನ್ನು ಕಟ್ಟಿಸುತ್ತಿದ್ದೇವೆ. ಗೋಡೆಗಳು ಎದ್ದಿವೆ. ಸೂರಿಗೆ ಹೆಣ ಸಾಲದು."

ಸಂತೆ ಗಪ್ಪೆಂದಿತು. ದೊರೆಗಳಿಗೆ ಅದು ಭಕ್ತಿಯ ಮೌನದಂತೆ ಕಂಡಿತು. ದನಿ ಏರಿಸಿದರು.

"ಸಮುದ್ರದಾಚೆಯ ನಮ್ಮ ಬಂಧುಗಳು ವರ್ಷ ವರ್ಷವೂ ಹಡಗಿನಲ್ಲಿ ಹೆಣ ಕಳುಹಿಸುತ್ತಿದ್ದಾರೆ. ಅದೂ ಸಾಲುತ್ತಿಲ್ಲ. ಆದುದರಿಂದ ನೀವೂ ಕೊಡಬೇಕು. ದೊಡ್ಡ ಹೆಣವೇ ಆಗಬೇಕೆಂದಿಲ್ಲ. ಬಡವರು ಸಣ್ಣ ಹೆಣ ಕೊಟ್ಟರೂ ದೇವರು ಮೆಚ್ಚುತ್ತಾನೆ!"

ನಾನು ಅವರ ಕೋಟಿನ ತುದಿ ಹಿಡಿದು ಜಗ್ಗಿದೆ. ದೊರೆಗಳು ನನ್ನ ಕಡೆ ತಿರುಗಿ ಕಣ್ಣರಳಿಸಿ, "ನೋಡಿ! ನಮ್ಮ ಮುನ್ಶಿಗಳು ತಮ್ಮ ಮನೆಯಿಂದಲೇ ಮೊದಲನೆಯದನ್ನು ಕೊಡಲು ಮುಂದೆ ಬಂದಿದ್ದಾರೆ!" ಎಂದುಬಿಟ್ಟರು.

ಆ ಕಾಲದಲ್ಲಿ ಎಲ್ಲಿ ಸೇತುವೆ ಕಟ್ಟಿದರೂ, ಎಲ್ಲಿ ರೈಲು ಕಂಬಿ ಹಾಕಿದರೂ ಕೆಳಗೆ ನರಬಲಿ ಕೊಡುತ್ತಾರೆಂಬ ಪುಕಾರು ಹಳ್ಳಿಹಳ್ಳಿಗೂ ಹಬ್ಬುತ್ತಿತ್ತು. ಹಿಂದಿನಿಂದ ಯಾರೋ, "ಓಡ್ರಲಾ! ಸೂರಿಗೆ ಬಲಿ ಕೇಳ್ತಾವ್ನೆ ಕಣ್ರಲಾ!" ಎಂದು ಕೂಗಿದ್ದೇ ತಡ, ತಾಯಂದಿರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದರು, ಮಡಕೆಗಳು ಉರುಳಿದವು, ಹಗ್ಗ ಬಿಚ್ಚಿಕೊಂಡ ಕುರಿಗಳು ಯಾವ ಕಡೆ ಓಡುವುದೆಂದು ತಿಳಿಯದೆ ದೊರೆಗಳ ಗಾಡಿಯನ್ನೇ ಸುತ್ತಿದವು. ದೂರದ ಉಯ್ಯಂಬಳ್ಳಿಯಿಂದ ಬಂದವರು ಊರು ಸೇರುವ ತನಕ ಹಿಂದಿರುಗಿ ನೋಡಲಿಲ್ಲವಂತೆ.

ಧೂಳು ಅಡಗಿದಾಗ ಮಾಳದಲ್ಲಿ ಉಳಿದಿದ್ದವಳು ಸೊಪ್ಪು ಮಾರುವ ಒಬ್ಬ ಮುದುಕಿ. ಓಡುವ ಶಕ್ತಿ ಇರಲಿಲ್ಲವೋ, ಸೊಪ್ಪು ಬಿಟ್ಟು ಹೋಗುವ ಮನಸ್ಸಿರಲಿಲ್ಲವೋ. ದೊರೆಗಳು ಗಾಡಿಯಿಂದಿಳಿದು ಟೋಪಿಯನ್ನು ಅವಳ ಮುಂದೆ ಚಾಚಿದರು. ಮುದುಕಿ ಟೋಪಿಯನ್ನೂ ದೊರೆಗಳ ಮುಖವನ್ನೂ ನೋಡಿ ಕೈಮುಗಿದಳು.

"ನಾನಿನ್ನೂ ಉಸ್ರಾಡ್ತಾ ಇವ್ನಿ ಬುದ್ದಿ. ನಿಂತೋದಮ್ಯಾಕೆ ಬಂದು ಎತ್ಕೊಂಡೋಗಿ, ಬ್ಯಾಡ ಅನ್ನಕಿಲ್ಲ. ಈಗ ಒಸಿ ದಂಟಿನ ಸೊಪ್ಪು ಕೊಡ್ತೀನಿ, ಆಯ್ತದಾ?"

೨. ಉಣ್ಣೆ ಪೆಟ್ಟಿಗೆ

ಊರಿನ ಚಂದಾ ದಂಟಿನ ಸೊಪ್ಪಿಗೆ ಮುಗಿದ ಮೇಲೆ ದೊರೆಸಾನಿಯವರು ತಮ್ಮ ದೇಶದ ಹೆಂಗಸರ ಸಂಘಕ್ಕೆ ಒಂದು ಕಾಗದ ಬರೆದರು. ಮನ ಕರಗುವ ಹಾಗೆ ಬರೆಯುವುದರಲ್ಲಿ ಆಕೆ ಗಟ್ಟಿಗರು. ಸೂರಿಲ್ಲದೆ ನಮ್ಮ ಮಕ್ಕಳು ಬಯಲಲ್ಲಿ ಕೂತಿದ್ದಾರೆ, ಮೇಲೆ ಬರೀ ಆಕಾಶ, ದಯವಿಟ್ಟು ಏನಾದರೂ ಮಾಡಿ ಎಂದು ಬರೆದಿದ್ದರಂತೆ.

ಇಲ್ಲೇ ತಪ್ಪಿದ್ದು. ಅವರ ದೇಶದಲ್ಲಿ ಬಯಲಲ್ಲಿ ಕೂತವನು ಚಳಿಗೆ ಸೆಟೆದು ಸಾಯುತ್ತಾನೆ. ಅಲ್ಲಿಯ ಹೆಂಗಸರು ಕಾಗದ ಓದಿ ಅತ್ತರು. ಅತ್ತು, ಕಣ್ಣೊರೆಸಿಕೊಂಡು, ಹೆಣಿಗೆಗೆ ಕೂತರು.

ಚೈತ್ರಮಾಸದಲ್ಲಿ ಸ್ಟೇಷನ್ನಿಗೆ ದೊಡ್ಡ ಪೆಟ್ಟಿಗೆ ಬಂದಿದೆ ಎಂದು ಸುದ್ದಿ ಬಂತು. ಕ್ಲೋಸ್‌ಪೇಟೆಯಲ್ಲಿ ಚೈತ್ರ ಅಂದರೆ ಬಂಡೆಗಳೇ ಬೆವರುವ ಕಾಲ. ಪೆಟ್ಟಿಗೆ ಬಿಡಿಸಿಕೊಳ್ಳಲು ಸಾಗಾಣಿಕೆಯ ಖರ್ಚು, ಸುಂಕ, ಹಮಾಲಿ ಎಲ್ಲ ದೊರೆಗಳೇ ಕೊಟ್ಟರು. ಅದೇ ದುಡ್ಡಿಗೆ ಸೂರಿನ ಒಂದು ಮೂಲೆಗೆ ಮಂಗಳೂರು ಹೆಂಚು ಬರುತ್ತಿತ್ತು. ಆದರೂ ಎಲ್ಲರಿಗೂ ಸಂತೋಷ. ಗಾಡಿಯಲ್ಲಿ ತಂದು, ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿ, ಮುಚ್ಚಳ ತೆರೆದೆವು.

ಒಳಗೆ ಉಣ್ಣೆ ಟೋಪಿ. ಟೋಪಿಯ ಕೆಳಗೆ ಉಣ್ಣೆ ಕಾಲುಚೀಲ. ಅದರ ಕೆಳಗೆ ಉಣ್ಣೆ ಕೈಗವಸು, ಬೆರಳು ಬೆರಳಿಗೂ ಬೇರೆ ಬೇರೆ ಗೂಡು ಮಾಡಿದ್ದು. ತಳದಲ್ಲಿ ಒಂದು ಚೀಟಿ: 'ಮಕ್ಕಳು ಇವನ್ನು ತೊಟ್ಟ ಚಿತ್ರವನ್ನು ತಪ್ಪದೆ ಕಳಿಸಿ. ಚಿತ್ರ ನೋಡಿದರೆ ಚಂದಾ ಕೊಡುವವರಿಗೆ ಹುರುಪು ಬರುತ್ತದೆ.'

ಚಂದಾ ಎಂಬ ಮಾತು ಬಂದ ಮೇಲೆ ಇನ್ನೇನು? ಬೆಂಗಳೂರು ದಂಡುಪ್ರದೇಶದಿಂದ ಫೋಟೋ ತೆಗೆಯುವವನನ್ನು ಕರೆಸಿದರು. ಅವನು ಮೂರು ಕಾಲಿನ ಪೆಟ್ಟಿಗೆ ಊರಿ, ಕರಿಬಟ್ಟೆ ಹೊದ್ದು, "ಬಿಸಿಲು ಚೆನ್ನಾಗಿ ಬೀಳೋ ಕಡೆ ಕೂರಿಸಿ" ಎಂದ. ಮಕ್ಕಳು ತಲೆಗೆ ಟೋಪಿ, ಕಾಲಿಗೆ ಚೀಲ, ಕೈಗೆ ಗೂಡು ಏರಿಸಿಕೊಂಡು ನೆತ್ತಿಯ ಬಿಸಿಲಿಗೆ ಕೂತವು. "ಅಲುಗಬಾರದು! ನಗಬಾರದು!" ಎಂದು ಅವನು ಬಟ್ಟೆಯೊಳಗಿನಿಂದ ಕೂಗುತ್ತಿದ್ದ. ನಗುವುದಕ್ಕೆ ಯಾರಿಗೆ ತ್ರಾಣವಿತ್ತು? ಚಿತ್ರದಲ್ಲಿ ಎಲ್ಲ ಮಕ್ಕಳೂ ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆದುಕೊಂಡಿದ್ದವು. ಎರಡು ಮಕ್ಕಳ ನಾಲಿಗೆ ಪೂರ್ತಿ ಹೊರಗಿತ್ತು.

ಚಿತ್ರ ಹಡಗು ಹತ್ತಿತು. ಉಣ್ಣೆ ಮಕ್ಕಳ ಜೊತೆ ಮನೆ ಸೇರಿತು. ವಾರ ಕಳೆಯುವುದರೊಳಗೆ ಒಬ್ಬ ರೈತ ಕಾಲುಚೀಲದಲ್ಲಿ ಅವರೆ ಬೀಜ ಕಟ್ಟಿಟ್ಟಿದ್ದ. ಇನ್ನೊಬ್ಬ ತನ್ನ ಎತ್ತಿನ ಎರಡು ಕೊಂಬಿಗೂ ಹಸಿರು ಕಾಲುಚೀಲ ತೊಡಿಸಿ ಪೇಟೆಯಲ್ಲೆಲ್ಲ ಮೆರೆಸಿದ. ದೊರೆಸಾನಿ ಅದನ್ನು ಕಂಡು ನಗಲಾರದೆ ಅಳಲಾರದೆ ಒಳಗೆ ಹೋದರು.

ಕೆಲವು ತಿಂಗಳಾದ ಮೇಲೆ ಸಂಘದ ಉತ್ತರ ಬಂತು. ದೊರೆಗಳು ಓದಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಹೀಗಿತ್ತು: 'ಚಿತ್ರ ನೋಡಿ ನಮ್ಮೆಲ್ಲರ ಕರುಳು ಕಿತ್ತು ಬಂತು. ಇಷ್ಟು ಉಣ್ಣೆ ತೊಟ್ಟ ಮೇಲೂ ಪಾಪ, ಮಕ್ಕಳು ಚಳಿಗೆ ಬಾಯಿ ಬಿಡುತ್ತಿವೆ. ಬರುವ ವರ್ಷ ಇದರ ಎರಡರಷ್ಟು ಕಳಿಸುತ್ತೇವೆ.'

೩. ಹುಂಜದ ಹರಾಜು

ಉಣ್ಣೆಯಿಂದ ಸೂರು ಕಟ್ಟಲಾಗುವುದಿಲ್ಲವಲ್ಲ. ದೊರೆಗಳು ತಮ್ಮ ದೇಶದಲ್ಲಿದ್ದ ಸಭೆಯ ದೊಡ್ಡ ಕಮಿಟಿಗೇ ಬರೆದರು. ಕಮಿಟಿಯವರು, 'ನಿಮ್ಮ ಸಭೆಯ ಜನ ತಮ್ಮ ಕೈಯಿಂದ ಏನು ಕೊಟ್ಟಿದ್ದಾರೆ? ಮೊದಲು ಅದನ್ನು ಹೇಳಿ' ಎಂದು ತಿರುಗಿ ಕೇಳಿದರು.

ಮರಳವಾಡಿ ಕಡೆ ಒಂದು ಹಳ್ಳಿಯಲ್ಲಿ ದೊರೆಗಳ ಸಭೆಗೆ ಸೇರಿದ ಕೆಲವು ಒಕ್ಕಲು ಮನೆಗಳಿದ್ದವು. ಹುಲ್ಲು ಹೊದಿಸಿದ ಸಣ್ಣ ಪ್ರಾರ್ಥನೆ ಮನೆ. ಅವರ ಹತ್ತಿರ ಕಾಸು ಎಲ್ಲಿ ಬರಬೇಕು? ದೊರೆಗಳು, "ಬೆಳೆದದ್ದನ್ನು ತನ್ನಿ, ಸಾಕಿದ್ದನ್ನು ತನ್ನಿ. ಪ್ರಾರ್ಥನೆ ಮುಗಿದ ಮೇಲೆ ಹರಾಜು ಹಾಕೋಣ" ಎಂದರು.

ಸುಗ್ಗಿಯ ಒಂದು ಭಾನುವಾರ ಗಾಡಿ ಕಟ್ಟಿಕೊಂಡು ಹೋದೆವು. ನಾನು ಎಂದಿನಂತೆ ಬಾಗಿಲಿನ ಹತ್ತಿರ ಕೂತೆ. ಒಳಗೆ ರಾಗಿ, ಅವರೆಕಾಯಿ, ಕುಂಬಳಕಾಯಿ, ಒಂದು ಆಡು. ಮುಂದುಗಡೆ ಕುಕ್ಕೆಯೊಳಗೆ ಒಂದು ದೊಡ್ಡ ಕೆಂಪು ಹುಂಜ. ತಲೆ ಮಾತ್ರ ಹೊರಗೆ. ಅದನ್ನು ತಂದಿಟ್ಟ ಹೆಂಗಸು ಹೆಮ್ಮೆಯಿಂದ ಪಕ್ಕದಲ್ಲೇ ಕೂತಿದ್ದಳು.

ಅಂದಿನ ಪಾಠ ಪೇತ್ರನದು. ಯೇಸುಸ್ವಾಮಿ ಶಿಷ್ಯನಾದ ಪೇತ್ರನಿಗೆ, 'ಕೋಳಿ ಕೂಗುವ ಮೊದಲೇ ನೀನು ಮೂರು ಸಾರಿ ನನ್ನನ್ನು ಅರಿಯೆನೆಂದು ಹೇಳುವೆ' ಎಂದಿರುತ್ತಾನೆ. ದೊರೆಗಳು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಿದ್ದರು: "ಆಗ ಪೇತ್ರನು ಮೊದಲ ಸಾರಿ, 'ಆ ಮನುಷ್ಯನನ್ನು ನಾನು ಅರಿಯೆನು' ಎಂದನು..."

"ಕೊಕ್ಕೊಕ್ಕೋ!" ಎಂದು ಕುಕ್ಕೆಯ ಹುಂಜ ಕೂಗಿತು.

ಸಭೆಯೆಲ್ಲ ಕುಕ್ಕೆಯ ಕಡೆ ತಿರುಗಿತು. ಹಿಂದೆ ಗೋಡೆಗೊರಗಿ ಕೂತಿದ್ದ ಒಬ್ಬ ಮುದುಕ, ಕಥೆಯನ್ನು ಬಾಯಿಪಾಠ ಬಲ್ಲವನು, ಎದ್ದು ನಿಂತ.

"ಒಸಿ ತಡೀರಿ ಬುದ್ದಿ. ಪೇತ್ರಪ್ಪ ಇನ್ನೂ ಒಂದೇ ಸುಳ್ಳು ಹೇಳವ್ನೆ. ಈ ಹುಂಜ ಅವಸರ ಮಾಡ್ಬುಡ್ತು."

ಆಮೇಲೆ ಪೇತ್ರನ ಉಳಿದ ಎರಡು ಸುಳ್ಳನ್ನು ದೊರೆಗಳು ಹೇಗೆ ಹೇಳಿ ಮುಗಿಸಿದರೋ, ಕೇಳಿದವರಿಲ್ಲ. ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು.

ಹರಾಜು ಹೊರಗೆ ಹುಣಸೆ ಮರದ ನೆರಳಲ್ಲಿ. ಕೂಗುವ ಕೆಲಸ ನನ್ನದು. ಹುಂಜದ ಸರದಿ ಬಂದಾಗ ಕಣದ ಕೆಲಸ ಮುಗಿಸಿಕೊಂಡು ಒಬ್ಬ ರೈತ ಮೈಯೆಲ್ಲ ಹೊಟ್ಟು ಮಾಡಿಕೊಂಡು ಬಂದ. ಹುಂಜ ಕೊಟ್ಟ ಹೆಂಗಸಿನ ಗಂಡ. ಕುಕ್ಕೆಯಿಂದ ಕತ್ತು ಚಾಚಿದ್ದ ಹುಂಜವನ್ನು ಕಂಡದ್ದೇ ಅವನ ಕಣ್ಣು ಅರಳಿತು. ಎಂಟಾಣೆ ಎಂದ. ಅವನ ಪಕ್ಕದ ಹೊಲದವನು ಒಂಬತ್ತಾಣೆ ಎಂದ. ಹೆಂಡತಿ ದೂರದಿಂದ ತಲೆ ಅಲ್ಲಾಡಿಸಿದಳು, ಕಣ್ಣು ಹಿಗ್ಗಲಿಸಿದಳು, ಕೈ ಬೀಸಿದಳು. ಅವನು ಅದನ್ನು 'ಬಿಡಬೇಡ, ಏರಿಸು' ಎಂದು ತಿಳಿದು ಹುರುಪುಗೊಂಡ. ಹತ್ತಾಣೆ, ಹನ್ನೆರಡಾಣೆ, ಕೊನೆಗೆ ರೂಪಾಯಿ ದಾಟಿಸಿ ಹುಂಜ ಗೆದ್ದುಕೊಂಡ.

ಕುಕ್ಕೆ ಎತ್ತಿ ಎದೆಗೊತ್ತಿಕೊಂಡು ಹೆಂಡತಿಯ ಹತ್ತಿರ ಬಂದು ಅವನು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ನೋಡ್ದಾ ಹೆಂಗೆ ಹೊಡ್ದೆ! ನಮ್ಮ ಹುಂಜಕ್ಕೆ ಸರಿಯಾದ ಜೋಡಿ. ಎರಡನ್ನೂ ಒಟ್ಟಿಗೆ ನಿಲ್ಲಿಸಿದ್ರೆ ಯಾವುದು ಯಾವುದು ಅಂತ ನಿಂಗೇ ಗೊತ್ತಾಗಕಿಲ್ಲ!"

೪. ಓದು ಬಂದ ಮಗಳು

ಇಷ್ಟು ಪಾಡುಪಡುವ ಬದಲು ದೊರೆಗಳು ಊರಿಗೆ ಹಿಂದಿರುಗಿ ಸುಖವಾಗಿರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅದಕ್ಕವರು, "ಮುನ್ಶಿಗಳೇ, ಒಂದು ಮಗು ಮೊದಲ ಸಲ ಅಕ್ಷರ ಕೂಡಿಸಿ ಓದುವಾಗ ಅದರ ಮುಖ ನೋಡಿದ್ದೀರಾ?" ಎಂದರು.

ಜಟಕಾ ಹೊಡೆಯುವವನ ಮಗಳೊಬ್ಬಳು ಆ ಸೂರಿಲ್ಲದ ಶಾಲೆಯಲ್ಲೇ ಓದು ಕಲಿತಳು. ಅವಳು ಓದುವುದನ್ನು ಜಟಕಾದವನು ಇನ್ನೂ ಕೇಳಿರಲಿಲ್ಲ. ಒಂದು ದಿನ ನಾವೆಲ್ಲ ಸ್ಟೇಷನ್ನಿನಲ್ಲಿದ್ದಾಗ ದೊರೆಗಳು ಗೋಡೆಯ ಮೇಲಿನ ಹಲಗೆಯೊಂದನ್ನು ತೋರಿಸಿ, "ಮಗು, ಅದನ್ನು ನಿನ್ನ ತಂದೆಗೆ ಓದಿ ಹೇಳು" ಎಂದರು. ಹುಡುಗಿ ಬೆರಳು ಚಾಚಿ, ಒಂದೊಂದೇ ಅಕ್ಷರ ಹಿಡಿದು, "ಇ...ಲ್ಲಿ... ಉ...ಗು...ಳ...ಬಾ...ರ...ದು" ಎಂದಳು. ದೊರೆಗಳಿಗೆ ಆನಂದದಿಂದ ಗಡ್ಡ ನಡುಗಿತು. ಟೋಪಿ ತೆಗೆದು ಅವಳಿಗೆ ವಂದಿಸಿದರು.

ಜಟಕಾದವನು ಮಾತ್ರ ಕೆನ್ನೆ ಉಬ್ಬಿಸಿಕೊಂಡು, ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು, ಅತ್ತ ಇತ್ತ ನೋಡುತ್ತ ನಿಂತಿದ್ದ. ಕೊನೆಗೆ ಓಡಿಹೋಗಿ ಕಾಂಪೌಂಡಿನ ಆಚೆ ಉಗಿದು ಬಂದು ಹೇಳಿದ: "ಓದು ಒಳ್ಳೇದೇ ಬುದ್ದಿ, ಇಲ್ಲ ಅನ್ನಲ್ಲ. ಆದ್ರೆ ಓದು ಬಂದ ಮಗಳು ಜೊತೆಗಿದ್ರೆ ನೆಮ್ಮದಿಯಾಗಿ ಒಂದು ಕಡೆ ಉಗಿಯಂಗಿಲ್ಲ."

೫. ನಾಕಾಣೆ ಕಾಯಿಲೆ

ದೊರೆಸಾನಿಯವರಿಗೆ ವೈದ್ಯ ಮಾಡುವುದು ಗೊತ್ತಿತ್ತು. ಮಾಗಡಿ ಕಡೆ ಡೇರೆ ಹಾಕಿದಾಗ ಧರ್ಮಕ್ಕೇ ಔಷಧಿ ಕೊಡುತ್ತಿದ್ದರು. ಆದರೆ ಬರುವವರು ಕಡಿಮೆ. ಪುಗಸಟ್ಟೆ ಔಷಧಿಯಲ್ಲಿ ಏನೋ ಮಸಲತ್ತು ಇದೆಯೆಂದು ಜನರ ಗುಮಾನಿ. ಆ ವರ್ಷ ಕಮಿಟಿ ಔಷಧಿಯ ಹಣವನ್ನೂ ಮೊಟಕು ಮಾಡಿತು. ದೊರೆಸಾನಿ ಬೇಸತ್ತು ಒಂದೊಂದು ಔಷಧಿಗೆ ಕಾಸಿನಿಂದ ಎರಡಾಣೆಯವರೆಗೆ ಬೆಲೆ ಇಟ್ಟರು. ಮಾರನೆಯ ದಿನದಿಂದ ಡೇರೆಯ ಮುಂದೆ ಜಾತ್ರೆ!

ಒಂದು ಬೆಳಗ್ಗೆ ಕಂಬಳಿ ಹಾಸಿದ ಗಾಡಿಯಲ್ಲಿ ಒಬ್ಬ ಗೌಡರು ಬಂದರು. ರುಮಾಲು, ಹುರಿ ಮೀಸೆ, ಕಂಬದಂತಹ ಮೈ.

"ಏನು ತೊಂದರೆ?" ಎಂದರು ದೊರೆಸಾನಿ.

"ತೊಂದ್ರೆ ಏನಿಲ್ಲ ಅಮ್ಮಾವ್ರೆ. ಒಂದು ಕಾಯಿಲೆ ಬೇಕಾಗಿತ್ತು."

ದೊರೆಸಾನಿ ನನ್ನ ಮುಖ ನೋಡಿದರು. ತಪ್ಪು ಕೇಳಿಸಿತೇನೋ ಎಂದು ನಾನೂ ಗೌಡರ ಮುಖ ನೋಡಿದೆ.

"ಅಂಗಲ್ಲ ಮುನ್ಶಪ್ಪ. ನಮ್ಮ ದಾಯಾದಿ ಮೊನ್ನೆ ಬಂದಿದ್ನಲ್ಲ, ಅವನಿಗೆ ಎರಡಾಣೆ ಕಾಯಿಲೆ ಐತೆ ಅಂದ್ರಂತೆ. ಊರೆಲ್ಲ ಅದನ್ನೇ ಹೇಳ್ಕೊಂಡು ತಿರುಗ್ತಾವ್ನೆ. ನನ್ನ ಹೊಲ ಅವನದಕ್ಕಿಂತ ದೊಡ್ಡದು. ನಂಗೆ ನಾಕಾಣೇದು ಇರ್ಲೇಬೇಕು. ಸರಿಯಾಗಿ ನೋಡಕ್ಕೆ ಹೇಳು."

ದೊರೆಸಾನಿ ನಾಡಿ ನೋಡಿದರು, ನಾಲಿಗೆ ನೋಡಿದರು, ಕಣ್ಣು ನೋಡಿದರು. "ನೀವು ಕಲ್ಲಿನ ಹಾಗಿದ್ದೀರಿ. ಏನೂ ಇಲ್ಲ" ಎಂದರು. ಗೌಡರಿಗೆ ಮೈ ಉರಿದುಹೋಯಿತು. "ಏನೂ ಇಲ್ಲ ಅಂತ ಹೆಂಗೆ ಊರಿಗೆ ಹೋಗ್ಲಿ? ಗಾಡಿ ಕಟ್ಕೊಂಡು ಬಂದಿವ್ನಿ!" ಎಂದು ಅಲ್ಲೇ ಕೂತುಬಿಟ್ಟರು. ಮಧ್ಯಾಹ್ನವಾದರೂ ಏಳಲಿಲ್ಲ. ಕೊನೆಗೆ ದೊರೆಸಾನಿ, ಹೊಟ್ಟೆ ಶುದ್ಧಿಯಾದರೆ ಯಾರಿಗೂ ಕೆಡುಕಿಲ್ಲ ಎಂದುಕೊಂಡು, ದೊಡ್ಡ ಲೋಟದ ತುಂಬ ಹರಳೆಣ್ಣೆ ಕೊಟ್ಟು ನಾಕಾಣೆ ತೆಗೆದುಕೊಂಡರು.

ಮಾರನೆಯ ದಿನ ಗೌಡರು ಮತ್ತೆ ಬಂದರು. ಕೆನ್ನೆ ಒಳಕ್ಕೆ ಹೋಗಿತ್ತು, ಮೀಸೆ ಇಳಿದಿತ್ತು, ಡೇರೆಯ ಗೂಟ ಹಿಡಿದುಕೊಂಡೇ ನಿಂತರು. ದೊರೆಸಾನಿ ಬೈಗುಳ ಕೇಳಲು ಸಿದ್ಧರಾದರು. ಗೌಡರ ಮುಖದಲ್ಲಿ ಮಾತ್ರ ಗೆದ್ದವನ ಕಳೆ.

"ಅಮ್ಮಾವ್ರೆ, ಕೂತವನು ಏಳಂಗಿಲ್ಲ, ಎದ್ದವನು ಕೂರಂಗಿಲ್ಲ. ಊರಿಗೂರೇ ನಿಂತು ನೋಡ್ತು! ದಾಯಾದಿ ಮುಖ ಸಪ್ಪಗಾಗೋಯ್ತು. ಈಗ ಎಂಟಾಣೇದು ಕೇಳಕ್ಕೆ ಅವ್ನು ಗಾಡಿ ಕಟ್ತಾವ್ನೆ. ಬಂದ್ರೆ, ಮುಗಿದೋಯ್ತು ಅಂದ್ಬುಡಿ!"

೬. ಗಿರಣಿ ಅಮ್ಮಾವರು ಬಂದದ್ದು

ಹುಂಜ, ಹರಳೆಣ್ಣೆ ಎಲ್ಲ ಕೂಡಿಸಿದರೂ ಸೂರು ದೂರವೇ ಉಳಿಯಿತು. ಮೇಲಿಂದ ಕಮಿಟಿಯ ಕಟ್ಟಪ್ಪಣೆ ಬಂತು: ಈ ಮಳೆಗಾಲದೊಳಗೆ ಕಟ್ಟಡ ಮುಗಿಯದಿದ್ದರೆ ಶಾಲೆ ಮುಚ್ಚಿಬಿಡಿ. ದೊರೆಗಳು ಅನ್ನ ಬಿಟ್ಟರು. ಸಂಜೆಯಾದರೆ ಒಬ್ಬರೇ ಹೋಗಿ ಆ ಬೋಳು ಗೋಡೆಗಳ ನಡುವೆ ನಿಂತು ಬರುತ್ತಿದ್ದರು.

ಅಷ್ಟರಲ್ಲಿ ಒಂದು ಆಸೆ ಚಿಗುರಿತು. ಅವರ ದೇಶದಲ್ಲಿ ದೊಡ್ಡ ಗಿರಣಿಯ ಒಡತಿಯಾದ ಒಬ್ಬ ವಿಧವೆ ಇದ್ದರಂತೆ. ಬಡತನವನ್ನು ಕಣ್ಣಾರೆ ಕಂಡರೆ ಧಾರಾಳವಾಗಿ ಕೊಡುವವರು. ಆದರೆ ಕಣ್ಣಾರೆ ಕಾಣದೆ ಕಾಸು ಬಿಚ್ಚದವರು. ಆಕೆ ದೇಶ ಸುತ್ತುತ್ತ ಬೆಂಗಳೂರಿಗೆ ಬಂದಿದ್ದಾರೆ, ಒಂದು ದಿನ ಕ್ಲೋಸ್‌ಪೇಟೆಗೂ ಬರಲೊಪ್ಪಿದ್ದಾರೆ ಎಂದು ತಿಳಿಯಿತು. ಬೆಳಗಿನ ರೈಲಿಗೆ ಬಂದು ಮಧ್ಯಾಹ್ನದ ರೈಲಿಗೆ ಹೋಗುವುದೆಂದು ಏರ್ಪಾಟು. ದೊರೆಗಳೂ ದೊರೆಸಾನಿಯೂ ಅವರನ್ನು ಕರೆತರಲು ಹಿಂದಿನ ದಿನವೇ ಬೆಂಗಳೂರಿಗೆ ಹೋದರು. ಹೋಗುವಾಗ ನನಗೆ, "ಏನೂ ಮಾಡಬೇಡಿ ಮುನ್ಶಿಗಳೇ. ಶಾಲೆ ಇರುವ ಹಾಗೆಯೇ ಇರಲಿ. ಆಕೆ ಆಕಾಶ ನೋಡಲಿ" ಎಂದರು.

ಪೇಟೆಯಲ್ಲಿ ಸುದ್ದಿ ಹಬ್ಬಿತು. ನಮ್ಮ ಜನದವರೇ ಆದ ರೇಷ್ಮೆ ಸಾಹುಕಾರರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು.

"ಏನಯ್ಯಾ ಮುನ್ಶಿ, ದೊರೆಗಳ ದೇಶದಿಂದ ದೊಡ್ಡೋರು ಬತ್ತಾವ್ರಂತೆ. ಈ ಬೋಳುಗೋಡೆ ತೋರಿಸ್ತೀರಾ?"

"ಬೋಳು ಕಂಡರೇ ಅವರು ಕೊಡೋದು, ಸಾಹುಕಾರ್ರೆ."

"ನೀನು ಓದ್ದೋನು, ಲೋಕ ತಿಳೀಲಿಲ್ಲ. ಬೀಗರು ಬಂದಾಗ ಹರಕಲು ಚಾಪೆ ಹಾಸ್ತಾರಾ? ನಮ್ಮ ದೊರೆಗಳ ಮಾನ ಏನಾದೀತು? ಪೇಟೆ ಮಾನ ಏನಾದೀತು? ನಾಳೆ ಗೋಧೂಳಿಗೆ ನನ್ನ ಮಗಳ ಲಗ್ನ. ಮದುವೆ ಸಾಮಾನೆಲ್ಲ ಮನೇಲಿ ಬಿದ್ದೈತೆ. ಸಂಜೆ ತನಕ ನಮಗೆ ಬ್ಯಾಡ. ಮಧ್ಯಾಹ್ನದವರೆಗೆ ನಿಮ್ಮ ಅಮ್ಮಾವ್ರಿಗೆ ಆಗಲಿ."

ನಾನು ಎಷ್ಟು ಬೇಡವೆಂದರೂ ಕೇಳು‌ವವರು ಯಾರು? ಬೆಳಕು ಹರಿಯುವಷ್ಟರಲ್ಲಿ ಗೋಡೆಯಿಂದ ಗೋಡೆಗೆ ಗಳ ಹಾಸಿ ಮದುವೆ ಚಪ್ಪರದ ಸೋಗೆಯನ್ನೆಲ್ಲ ಮೇಲೆ ಹೊದಿಸಿದರು. ಒಳಗೆ ಅದಕ್ಕೆ ಬಿಳಿ ಮೇಲ್ಕಟ್ಟು ಕಟ್ಟಿದರು. ನೆಲಕ್ಕೆ ರತ್ನಗಂಬಳಿ. ನಡುವೆ ಮದುವಣಿಗನಿಗೆಂದು ತಂದಿದ್ದ ಮಕಮಲ್ಲಿನ ಕುರ್ಚಿ. ಚನ್ನಪಟ್ಟಣದಿಂದ ತಂದ ಅರಗಿನ ಬಣ್ಣದ ಬೊಂಬೆಗಳ ಸಾಲು. ಕುಡಿಯಲು ಬೆಳ್ಳಿ ಲೋಟ. ಬಾಗಿಲಲ್ಲಿ ವಾಲಗದವರು. ಇದೆಲ್ಲ ಸಾಲದೆಂದು ಮದುವೆ ಮನೆಯ ಹೆಂಗಸರು ಶಾಲೆಯ ಮಕ್ಕಳ ಕೊರಳಿಗೆಲ್ಲ ತಮ್ಮ ತಮ್ಮ ಚಿನ್ನದ ಸರ ಹಾಕಿದರು. ಶಾಲೆ ಅರಮನೆಯಾಯಿತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಬೆಳಗಿನ ರೈಲು ಬರಲಿಲ್ಲ. ಬಿಡದಿಯ ಹತ್ತಿರ ಇಂಜಿನ್ನು ಕೆಟ್ಟು ನಿಂತಿತ್ತಂತೆ. ಹೊತ್ತು ಇಳಿಮುಖವಾದ ಮೇಲೆ ಅತಿಥಿಗಳು ಬಂದರು.

ಗಿರಣಿ ಅಮ್ಮಾವರು ಕರಿ ಉಡುಪಿನ, ಬೆಳ್ಳಿ ಕೂದಲಿನ ಮುದುಕಿ, ಕೈಯಲ್ಲಿ ಕೋಲು. ಒಳಗೆ ಕಾಲಿಟ್ಟದ್ದೇ ವಾಲಗ ಮೊಳಗಿತು. ಹಿಂದೆ ಬಂದ ದೊರೆಗಳು ಮೇಲ್ಕಟ್ಟು ನೋಡಿದರು, ಕಂಬಳಿ ನೋಡಿದರು, ನನ್ನನ್ನು ನೋಡಿದರು. ಅವರ ಗಡ್ಡ ಒಂದು ಬಿಟ್ಟು ಉಳಿದದ್ದೆಲ್ಲ ಬೆಳ್ಳಗಾಗಿತ್ತು.

ಅಮ್ಮಾವರು ಮಕಮಲ್ಲಿನ ಕುರ್ಚಿಯಲ್ಲಿ ಕೂತು, ಬೆಳ್ಳಿ ಲೋಟದಲ್ಲಿ ಪಾನಕ ಹಿಡಿದು, ಸುತ್ತ ನೋಡಿ ಇಂಗ್ಲಿಷಿನಲ್ಲಿ ತಣ್ಣಗೆ ಅಂದರು: "ನಮ್ಮೂರಿನ ಚರ್ಚಿನಲ್ಲಿ ಇಷ್ಟು ಚೆಂದದ ಚಾವಣಿ ಇಲ್ಲ. ನನ್ನ ಮೊಮ್ಮಕ್ಕಳ ಕೊರಳಲ್ಲಿ ಇಷ್ಟು ಚಿನ್ನವಿಲ್ಲ. ಇಲ್ಲಿ ಯಾರು ಯಾರಿಗೆ ಕೊಡಬೇಕೆಂದು ನನಗೆ ತಿಳಿಯುತ್ತಿಲ್ಲ."

ದೊರೆಗಳು ನಿಜ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ವಾಲಗ ನಡುರಾಗದಲ್ಲಿ ನಿಂತಿತು. ನುಡಿಸುವವನು ಬಾಗಿಲಿಂದಲೇ, "ಹೊತ್ತಾಯ್ತು ಮುನ್ಶಪ್ಪ, ಅಲ್ಲಿ ಗಂಡಿನೋರು ಇಳಿದ್ರಂತೆ, ಬತ್ತೀವಿ" ಎಂದು ತನ್ನವರೊಡನೆ ಹೊರಟೇಹೋದ.

ಆಮೇಲೆ ಒಬ್ಬ ಹೆಂಗಸು ಒಳಗೆ ಬಂದು ಮುಂದೆ ಕೂತಿದ್ದ ಹುಡುಗಿಗೆ, "ಕೊರಳು ಬಗ್ಸವ್ವ" ಎಂದು ಸರ ಬಿಚ್ಚಿಕೊಂಡಳು.

"ಆಕೆ ಆ ಮಗುವಿನ ತಾಯಿಯೇ?" ಎಂದರು ಅಮ್ಮಾವರು.

"ಅಲ್ಲ, ಸರದ ಯಜಮಾನಿ" ಎಂದೆ. ಸುಳ್ಳು ಹೇಳಲು ನನಗೆ ಏನೂ ಹೊಳೆಯಲಿಲ್ಲ.

ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಮಕ್ಕಳ ಕೊರಳೆಲ್ಲ ಬೋಳಾಯಿತು. ಒಬ್ಬ ಆಳು ಬಂದು ಬೊಂಬೆಗಳನ್ನು ಮಂಕರಿಗೆ ತುಂಬಿದ. ಆಮೇಲೆ ಅಮ್ಮಾವರ ಎದುರಿಗೇ ಕೈಕಟ್ಟಿ ನಿಂತು, "ಅವಸರ ಇಲ್ಲ, ಕುಡೀಲಿ. ಕುಡಿದಾದ ಮ್ಯಾಕೆ ಲೋಟ ಕೊಡ್ಲಿ" ಎಂದ. ಅಮ್ಮಾವರು ಗಟಗಟ ಕುಡಿದು ಲೋಟ ಕೊಟ್ಟರು. ಇಬ್ಬರು ರತ್ನಗಂಬಳಿಯನ್ನು ಆ ತುದಿಯಿಂದ ಸುತ್ತುತ್ತ ಬಂದರು. ಕುರ್ಚಿಯ ಹತ್ತಿರ ಬಂದಾಗ ದೊರೆಸಾನಿಯೂ ನಾನೂ ಕುರ್ಚಿಯನ್ನು ಒಂಚೂರು ಎತ್ತಿ ಹಿಡಿದೆವು, ಅಮ್ಮಾವರು ಎರಡು ಕಾಲನ್ನೂ ಮೇಲಕ್ಕೆತ್ತಿ ದಾರಿ ಬಿಟ್ಟರು. ಕಂಬಳಿ ಹೋಯಿತು. ಅಷ್ಟು ಹೊತ್ತಿಗೆ ಮೇಲೆ ಹತ್ತಿದ್ದವರು ಮೇಲ್ಕಟ್ಟು ಬಿಚ್ಚಿದರು. "ತಲೆ ಜ್ವಾಪಾನ!" ಎಂದು ಕೂಗುತ್ತ ಸೋಗೆಯನ್ನೂ ಒಂದೊಂದಾಗಿ ಎಳೆದರು. ಒಣ ಮಣ್ಣಿನ ನೆಲ, ನಾಲ್ಕು ಬೋಳು ಗೋಡೆ, ಮೇಲೆ ಇಳಿಬಿಸಿಲಿನ ಆಕಾಶ, ನಡುವೆ ಮಕಮಲ್ಲಿನ ಕುರ್ಚಿಯಲ್ಲಿ ಗಿರಣಿ ಅಮ್ಮಾವರು.

ಕೊನೆಗೆ ಸಾಹುಕಾರರೇ ಬಂದರು. ಜರಿ ರುಮಾಲು ಸರಿಪಡಿಸಿಕೊಂಡು, ಕೈಮುಗಿದು, ಕುರ್ಚಿಯ ಪಕ್ಕದಲ್ಲಿ ನಿಂತರು.

"ಇವರು?" ಎಂದರು ಅಮ್ಮಾವರು.

"ಕುರ್ಚಿಯ ಯಜಮಾನರು."

ಸಾಹುಕಾರರು ನನ್ನ ಕಿವಿಯಲ್ಲಿ, "ಎಷ್ಟೊತ್ತು ಬೇಕಾದ್ರೂ ಕೂತಿರ್ಲಿ ಅನ್ನು. ಮದುವಣಿಗ ಅಲ್ಲಿ ನಿಂತವ್ನೆ ಅಂತಾನೂ ಒಸಿ ಹೇಳು" ಎಂದರು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಇವರಲ್ಲಿ ಯಾರೂ ದೊರೆಗಳ ಸಭೆಯವರಲ್ಲ. ಆದರೂ ದೂರದಿಂದ ಬಂದ ಅತಿಥಿಯ ಕಣ್ಣಿಗೆ ದೊರೆಗಳ ಬಡತನ ಬೀಳಬಾರದೆಂದು ತಮ್ಮ ಮದುವೆ ಮನೆಯನ್ನೇ ಬಿಚ್ಚಿ ತಂದು ಇಲ್ಲಿ ಕಟ್ಟಿದರು ಎಂದೆ. ಅಮ್ಮಾವರು ತಲೆ ತಗ್ಗಿಸಿದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ದೊರೆಗಳು ಹೆದರಿ ಹತ್ತಿರ ಹೋದರು. ಅಮ್ಮಾವರು ನಗುತ್ತಿದ್ದರು. ಕೋಲು ಬಿದ್ದುಹೋಗುವಷ್ಟು ನಕ್ಕು, ಕಣ್ಣೊರೆಸಿಕೊಂಡು, "ಸೂರು ನಾನು ಕೊಡುತ್ತೇನೆ. ಆದರೆ ಅದನ್ನು ಯಾರೂ ಸಾಯಂಕಾಲ ಬಂದು ಬಿಚ್ಚಿಕೊಂಡು ಹೋಗದ ಹಾಗೆ ಗಟ್ಟಿಯಾಗಿ ಕಟ್ಟಿಸಿ" ಎಂದರು. ದೊರೆಗಳು ಆ ಮಣ್ಣಿನ ನೆಲದ ಮೇಲೇ ಮೊಣಕಾಲೂರಿದರು.

ಅಮ್ಮಾವರ ಮಾತನ್ನು ನಾನು ಕನ್ನಡದಲ್ಲಿ ಹೇಳಿದ ಕೂಡಲೆ ಸಾಹುಕಾರರು, "ಅಂಗಾದ್ರೆ ಕುರ್ಚಿ ಜೊತೆಗೆ ಅಮ್ಮಾವ್ರೂ ಬಂದ್ಬುಡ್ಲಿ. ಮದುವೆ ಮನೆ ಮುಂದೆ ಬಂದೋರು ಉಣ್ಣದೆ ಹೋದಾರಾ?" ಎಂದು ಹಟ ಹಿಡಿದರು. ರೈಲು ಹೇಗೂ ಹೋಗಿತ್ತು. ಅಮ್ಮಾವರು ಎದ್ದು, ಮುಂದೆ ಹೋಗುತ್ತಿದ್ದ ಕುರ್ಚಿಯ ಹಿಂದೆಯೇ ನಡೆದರು.

ಮದುವೆ ಮನೆಯಲ್ಲಿ ಹೆಂಗಸರು ಅವರನ್ನು ತಮ್ಮ ನಡುವೆ ಕೂರಿಸಿ, ಮುಡಿಗೆ ಹೂ ಸಿಕ್ಕಿಸಲು ಹೋಗಿ ಟೋಪಿಗೇ ಸಿಕ್ಕಿಸಿದರು. ಅಮ್ಮಾವರು ಸುತ್ತ ನೋಡಿದರು. ತಲೆಯ ಮೇಲೆ ಆಗಲೇ ಕಂಡಿದ್ದ ಮೇಲ್ಕಟ್ಟು. ಕಾಲ ಕೆಳಗೆ ಆಗಲೇ ತುಳಿದಿದ್ದ ಕಂಬಳಿ. ಹೆಂಗಸರ ಕೊರಳಲ್ಲಿ ಆಗಲೇ ಎಣಿಸಿದ್ದ ಸರಗಳು. ಪುರೋಹಿತರ ಕೈಯಲ್ಲಿ ತಾವೇ ಕುಡಿದಿದ್ದ ಬೆಳ್ಳಿ ಲೋಟ. ಎದುರಿಗೆ ತಾವು ಕೂತಿದ್ದ ಮಕಮಲ್ಲಿನ ಕುರ್ಚಿಯಲ್ಲಿ ಬಾಸಿಂಗ ಕಟ್ಟಿಕೊಂಡ ಮದುವಣಿಗ. ಅಮ್ಮಾವರು ಅವನನ್ನು ಬಹಳ ಹೊತ್ತು ದಿಟ್ಟಿಸಿ, ಆಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು:

"ಮುನ್ಶಿ, ನಿಜ ಹೇಳಿ. ಆ ಹುಡುಗನಾದರೂ ಈ ಮನೆಗೇ ಬಂದವನೋ, ಇಲ್ಲ ಇನ್ನೊಂದು ಗಳಿಗೆಗೆ ಅವನನ್ನೂ ಕರೆದುಕೊಂಡು ಹೋಗಲು ಯಾರಾದರೂ ಬರುತ್ತಾರೋ?"